ಪದಚರ್ಚೆ: 'ಮಿಯೊರಿತ್ಸ'ಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಕಾರ್ಯಕ್ರಮದಲ್ಲಿ ರೊಮೇನಿಯಾದ ಜನಪದ ಹಾಡು 'ಮಿಯೊರಿತ್ಸ' ಇದೆ. ಕರಪತ್ರ ಇವತ್ತು ಸಂಜೆಯೇ ಅಚ್ಚಿಗೆ ಹೋಗಬೇಕು. ನಾನು 'ಕುರಿಮರಿ' ಅಂತ ಹಾಕಿದ್ದೇನೆ. ಸಂಘಟಕರು 'ಮೇಷಕನ್ಯೆ' ಅನ್ನುತ್ತಿದ್ದಾರೆ. ಕೆಳಗೆ 'ಲಾವಣಿ' ಅಂತ ಬರೆಯಬಹುದಾ?

*

ಮೇಷ ಅಂದರೆ ಟಗರು. ಪಕ್ಕದಲ್ಲಿ ಕನ್ಯೆಯನ್ನೂ ಕೂರಿಸಿದರೆ ರಾಶಿಭವಿಷ್ಯ ಆಗುತ್ತದೆ. ಬೇಡ.

'ಕುರಿಮರಿ'ಯೂ ಕೂಡದು. ಮರಿಗೆ ಅಲ್ಲಿ 'ಮಿಯೆಲ್' ಅಂತ ಬೇರೆ ಮಾತಿದೆ. 'ಮಿಯೊವಾರ' ಅಂದರೆ ಮರಿತನ ದಾಟಿದ ಎಳೆಯ ಹೆಣ್ಣುಕುರಿ. 'ಇತ್ಸ' ಮುದ್ದಿಗೆ ಸೇರಿದ್ದು. ಹಾಡಿನಲ್ಲಿ ಮೂರು ದಿನದಿಂದ ಅದರ ಬಾಯಿ ಸುಮ್ಮನಿಲ್ಲ. ಹುಲ್ಲು ಸೇರುತ್ತಿಲ್ವಾ, ಮೈ ಸರಿಯಿಲ್ವಾ ಅಂತ ಕುರಿಗಾಹಿ ಕೇಳುತ್ತಾನೆ. ನಿನಗೆ ಕುರಿ ಜಾಸ್ತಿ ಅಂತ ಜೊತೆಯ ಇಬ್ಬರು ಕುರಿಗಾಹಿಗಳೂ ಹೊತ್ತು ಮುಳುಗುವಾಗ ನಿನ್ನನ್ನು ಕೊಲ್ಲುತ್ತಾರೆ ಅನ್ನುತ್ತದೆ ಕುರಿ. ಅವನು ಓಡಿಹೋಗುವುದಿಲ್ಲ. ಅಮ್ಮ ಹುಡುಕಿಕೊಂಡು ಬಂದರೆ, ಮಗ ರಾಜಕುಮಾರಿಯನ್ನು ಮದುವೆಯಾದ ಅಂತ ಹೇಳು ಅನ್ನುತ್ತಾನೆ. ಆ ಮದುವೆಯಲ್ಲಿ ಕಿರೀಟ ಹಿಡಿದವರು ಸೂರ್ಯ, ಚಂದ್ರ. ಇಂಥ ಗುಟ್ಟು ಕಾಯುವವಳನ್ನು ಮರಿ ಅಂದರೆ ಹೇಗೆ? 'ಎಳೆಕುರಿ' ಅನ್ನಿ.

*

ಎಳೆಗರು ಇರುವಾಗ ಎಳೆಗುರಿ ಆಗಬೇಕು. ಸಂಧಿ ಬಿಟ್ಟು ಬರೆಯುವ ಚಾಳಿ ಎಲ್ಲಿಂದ ಬಂತೋ. 'ಲಾವಣಿ'ಯೂ ಬೇಡ, ಅದು ಮರಾಠಿಯ ಕಡೆಯಿಂದ ಬಂದದ್ದು.

*

'ಎಳೆಗುರಿ' ಅಂತ ಅಚ್ಚಾದರೆ ಜನ ಬಿಲ್ಲುಬಾಣ ಹುಡುಕುತ್ತಾರೆ ಸಾರ್.

ಲಾವಣಿ ಬೇಡ ಅನ್ನುವುದಕ್ಕೆ ನನ್ನದು ಬೇರೆ ಕಾರಣ. ಅಲ್ಲಿನ ಕವಿ ವಾಸಿಲೆ ಅಲೆಕ್ಸಾಂದ್ರಿ ಇದನ್ನು 1850ರಲ್ಲಿ ಅಚ್ಚು ಹಾಕಿಸಿದರು. 'ಬಲಾದ', ಅಂದರೆ ಕಥೆ ಹೇಳುವ ಹಾಡು, ಓದಿದವರ ಮಾತು. ಹಳ್ಳಿಯವರು ಇಂಥದ್ದನ್ನು 'ಕುಂತೆಕ್ ಬತ್ರುನೆಸ್ಕ್' ಅನ್ನುತ್ತಾರೆ, ಅಂದರೆ ಹಳಬರ ಹಾಡು. ಟ್ರಾನ್ಸಿಲ್ವೇನಿಯಾದಲ್ಲಂತೂ ಇದೇ ಕಥೆಯನ್ನು ಕ್ರಿಸ್‌ಮಸ್ ಹಾಡಾಗಿ ಮನೆಮನೆಗೆ ಹೋಗಿ ಹಾಡುತ್ತಾರೆ. 'ಹಳಬರ ಹಾಡು' ಅಂತಲೇ ಹಾಕಿ.

ಇನ್ನು ಲಾವಣಿ ಎರವಲು ಅನ್ನುವ ಮಾತು. 'ಮಿಯೊರಿತ್ಸ'ದ ಬುಡ ಲ್ಯಾಟಿನ್, ಬಾಲ ರಷ್ಯನ್ ಬಳಗದ ಸ್ಲಾವಿಕ್. ಅವರ ಅತಿ ಪ್ರೀತಿಯ ಹಾಡಿಗೆ ಇದರಿಂದ ಏನೂ ಆಗಿಲ್ಲ.

*

ಏನೂ ಆಗಿಲ್ವಾ? 19ನೇ ಶತಮಾನದಲ್ಲಿ ಅವರೇ ಕುಳಿತು ಎಷ್ಟೋ ಸ್ಲಾವಿಕ್ ಪದ ಆಚೆ ಹಾಕಿ ಫ್ರೆಂಚ್ ತಂದುಕೊಂಡರು. ಅರ್ಧ ಹೇಳಬೇಡಿ.

*

ಒಂದನ್ನು ತೆಗೆದು ಇನ್ನೊಂದು ಎರವಲು ತಂದರು. ಅಚ್ಚ ರೊಮೇನಿಯನ್ ಆಯಿತಾ?

*

ನಿಮ್ಮ ಜಗಳ ಆಮೇಲೆ. 'ಎಳೆಕುರಿ: ಹಳಬರ ಹಾಡು' ಅಂತ ಕಳಿಸುತ್ತಿದ್ದೇನೆ. ಆ ಮೂವರು ಕುರಿಗಾಹಿಗಳು ಮೊಲ್ದಾವಿಯಾದವ, ವ್ರಾಂಚದವ, ಹಂಗೇರಿಯವ, ಸರಿನಾ?

*

ಹಾಡಿನ 'ಉಂಗುರಿಯಾನ್' ಅನ್ನುವ ಪದ ನೋಡಿ ಹಂಗೇರಿಯವ ಅಂದುಕೊಂಡಿರಿ. ಅವನು ಬೆಟ್ಟದಾಚೆ ಟ್ರಾನ್ಸಿಲ್ವೇನಿಯಾದ ರೊಮೇನಿಯನ್. ಬೇಗ ತಿದ್ದಿ.