ಕಾಲೇಜು ವಾಲಿಬಾಲ್ ತಂಡದ ವರ್ಷವಾರು ದಾಖಲೆ: 1971ರಿಂದ ಹೇಗೆ ಕಟ್ಟೋದು?

ಶಿರಾಗೇಟ್:
ತುಮಕೂರಿನ ಒಂದು ಪದವಿ ಕಾಲೇಜಿನ ಪುರುಷರ ವಾಲಿಬಾಲ್ ತಂಡದ ಇತಿಹಾಸವನ್ನು 1971-72ರಿಂದ ಈಚೆಗೆ ವರ್ಷಕ್ಕೊಂದು ಸಾಲಿನ ಹಾಗೆ ಪಟ್ಟಿ ಮಾಡಬೇಕಿದೆ. ಅಮೆರಿಕದ ಕಾಲೇಜು ಬೇಸ್‌ಬಾಲ್ ತಂಡಗಳಿಗೆ ಇರುತ್ತದಲ್ಲ, ವರ್ಷ, ಕೋಚ್, ಗೆಲುವು-ಸೋಲು, ಯಾವ ಸುತ್ತಿನವರೆಗೆ ಹೋದರು ಅಂತ, ಆ ಮಾದರಿ. ಕೈಯಲ್ಲಿರೋದು ಎರಡು ಶೀಲ್ಡಿನ ಫೋಟೊ, ಹದಿನಾಲ್ಕು ವಾರ್ಷಿಕ ಸಂಚಿಕೆ, ಹಳೆ ವಿದ್ಯಾರ್ಥಿಗಳು ವಾಟ್ಸಾಪಿನಲ್ಲಿ ಕಳಿಸಿದ ಸರ್ಟಿಫಿಕೇಟುಗಳು. ನಡುವೆ ಎಷ್ಟೋ ವರ್ಷ ಖಾಲಿ. ಒಂದೇ ಗೆಲುವು ಎರಡು ವರ್ಷದ ಎದುರು ಕಾಣಿಸ್ತಿದೆ. ಖಾಲಿ ವರ್ಷಕ್ಕೆ ಏನು ಬರೆಯೋದು?

ಮೂರನೇ_ಬೇಸ್:
ಬೇಸ್‌ಬಾಲ್ ಪಟ್ಟಿಯ ಕಾಲಮ್ಮುಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಖಾಲಿ ಮನೆಯನ್ನು ಅವರು ಹೇಗೆ ತುಂಬುತ್ತಾರೆ, ಅದನ್ನು ನೋಡಿ. ಅಮೆರಿಕದ ಕಾಲೇಜು ಕ್ರೀಡಾ ಸಂಘ ಎನ್‌ಸಿಎಎಯ ಬೇಸ್‌ಬಾಲ್ ಚಾಂಪಿಯನ್‌ಷಿಪ್ ಶುರುವಾದದ್ದೇ 1947ರಲ್ಲಿ. ಅದಕ್ಕೂ ಹಿಂದಿನ ವರ್ಷಗಳ ಎದುರು ಆ ಕಾಲಮ್ಮಿನಲ್ಲಿ ‘ಅರ್ಹತೆ ಸಿಗಲಿಲ್ಲ’ ಅಂತ ಬರೆದರೆ ತಪ್ಪು. ಇಲ್ಲದ ಪಂದ್ಯಾವಳಿಗೆ ಅರ್ಹತೆ ಎಲ್ಲಿಂದ ಬರಬೇಕು? ನಿಮಗೂ ಅದೇ ಲೆಕ್ಕ. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ್ದು 2004ರಲ್ಲಿ, ಅದರ ಅಂತರ ಕಾಲೇಜು ಕಾಲಮ್ಮಿನಲ್ಲಿ ಅದಕ್ಕಿಂತ ಹಿಂದೆಲ್ಲ ಗೀಟು.

ನಾಲ್ಕು ಗುರುತು ಮೊದಲೇ ಗೊತ್ತು ಮಾಡಿಕೊಳ್ಳಿ. ಪಂದ್ಯಾವಳಿಯೇ ಇಲ್ಲದಿದ್ದರೆ ಗೀಟು. ನಡೆದು, ತಂಡ ಹೋಗದಿದ್ದರೆ ‘ಆಡಿಲ್ಲ’. ಹೋಗಿ ಮೊದಲ ಪಂದ್ಯದಲ್ಲೇ ಸೋತಿದ್ದರೆ 0-1. ದಾಖಲೆ ಸಿಗದಿದ್ದರೆ ಪ್ರಶ್ನೆ ಚಿಹ್ನೆ. ನಾಲ್ಕಕ್ಕೂ ಸೊನ್ನೆ ತುಂಬಿಬಿಟ್ಟರೆ ಆಮೇಲೆ ಬಿಡಿಸೋಕಾಗಲ್ಲ.

ಅರ್ಧಕ್ಕೆ ನಿಂತ ವರ್ಷವನ್ನೂ ತೆಗೆದುಹಾಕಬೇಡಿ. 2020ರ ಕಾಲೇಜು ಬೇಸ್‌ಬಾಲ್ ಸೀಸನ್ ಕೊರೊನಾದಿಂದ ಮಾರ್ಚಿನಲ್ಲೇ ನಿಂತುಹೋಯಿತು. ಅಷ್ಟರಲ್ಲಿ ಆಡಿದ ಪಂದ್ಯಗಳ ಗೆಲುವು-ಸೋಲು ಆ ವರ್ಷದ ಸಾಲಿನಲ್ಲಿದೆ, ಟೂರ್ನಿ ಮಾತ್ರ ರದ್ದು. ಅವರ ಮೂರನೇ ಅಂಕಿ, ಅಂದರೆ ಟೈ, ನಿಮಗೆ ಬೇಕಿಲ್ಲ. ಅದು ಕತ್ತಲಾಗಿಯೋ ಮಳೆ ಬಂದೋ ಸಮಬಲದಲ್ಲೇ ನಿಂತ ಪಂದ್ಯಗಳಿಗೆ. ವಾಲಿಬಾಲಿನಲ್ಲಿ ಟೈ ಇಲ್ಲವಲ್ಲ.

ಅಂಕಪಟ್ಟಿ:
ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ: ಸ್ಕೋರನ್ನು ಕಂಡಂತೆ ಬರೆದಿಡಿ, ಅದೇ ನಿಮಗೆ ಇಸವಿ ಹೇಳುತ್ತೆ.

ಹಳೆ ವಾಲಿಬಾಲಿನಲ್ಲಿ ಸರ್ವ್ ಮಾಡಿದ ಕಡೆಗೆ ಮಾತ್ರ ಪಾಯಿಂಟ್, ಸೆಟ್ಟಿಗೆ 15. ಅಂತಾರಾಷ್ಟ್ರೀಯ ಫೆಡರೇಷನ್ 1998ರಲ್ಲಿ ಎಲ್ಲ ಸೆಟ್ಟಿಗೂ, ಸರ್ವ್ ಯಾರದ್ದೇ ಆಗಲಿ ಗೆದ್ದವರಿಗೆ ಪಾಯಿಂಟ್ ಸಿಗುವ, ರ‍್ಯಾಲಿ ಪಾಯಿಂಟ್ ತಂದು ಮೊದಲ ನಾಲ್ಕು ಸೆಟ್ಟನ್ನು 25 ಮಾಡಿತು. ಹಾಗಾಗಿ ಇಸವಿ ಇಲ್ಲದ ಒಂದು ಚೀಟಿಯಲ್ಲಿ 15-7, 12-15, 15-9 ಅಂತಿದ್ದರೆ ಅದು ಹಳೇದು, 25-21 ಅಂತಿದ್ದರೆ ಹೊಸದು. ಐದನೇ ಸೆಟ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಅದು ಆಗಲೂ 15, ಈಗಲೂ 15.

ಇನ್ನೂ ಸೂಕ್ಷ್ಮವಾದ್ದೊಂದಿದೆ. 1988ರಲ್ಲಿ ಸೆಟ್ಟಿಗೆ 17ರ ಮಿತಿ ಬಂತು, 16-16 ಆದರೆ ಮುಂದಿನ ಪಾಯಿಂಟಿಗೇ ಸೆಟ್ ಮುಗೀತು. ಆದ್ದರಿಂದ 17-16 ಕಂಡರೆ ಅದು ಹೆಚ್ಚುಕಮ್ಮಿ 1988 ಮತ್ತು 1998ರ ನಡುವಿನ ಪಂದ್ಯ. ಅದಕ್ಕೂ ಮೊದಲು ಎರಡು ಪಾಯಿಂಟಿನ ಅಂತರ ಬೇಕೇ ಬೇಕಿತ್ತು, 18-16, 19-17 ಎಲ್ಲ ಆಗ ಬರುತ್ತಿದ್ದವು. ಹೊಸ ನಿಯಮ ನಮ್ಮ ಕಾಲೇಜು ಮೈದಾನಕ್ಕೆ ಇಳಿಯೋಕೆ ಸಮಯ ಹಿಡಿದಿರಬಹುದು, ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ. ಶೀಟಿನಲ್ಲಿ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ರಕ್ಷಣಾ ಆಟಗಾರನ ಹೆಸರು ಇದ್ದರೆ 1998ರ ಈಚೆಯದು.

‘ಅತಿ ದೊಡ್ಡ ಅಂತರದ ಗೆಲುವು’ ಅಂತ ಕಾಲಮ್ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ. 15-3ನ್ನೂ 25-13ನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಹೇಗೆ? ಬೇಸ್‌ಬಾಲಿನಲ್ಲೂ ಮೊದಲ ಅಂತರ ಕಾಲೇಜು ಪಂದ್ಯ, 1859ರದ್ದು, ಆಮ್‌ಹರ್ಸ್ಟ್ 73, ವಿಲಿಯಮ್ಸ್ 32. ಆಗ ಆಡಿದ್ದು ಮ್ಯಾಸಚೂಸೆಟ್ಸ್ ನಿಯಮದಲ್ಲಿ, ಇವತ್ತಿನ ಆಟದ ಪಕ್ಕ ಇಟ್ಟರೆ ಆ ಅಂಕಿಗೆ ಅರ್ಥವೇ ಇಲ್ಲ.

ವಾಕ್‌ಓವರ್ ಗೆಲುವೇ. ಐದು ಸೆಟ್ಟಿನ ಪಂದ್ಯವಾದರೆ 3-0, ಈಗಿನ ನಿಯಮದಲ್ಲಿ ಪ್ರತಿ ಸೆಟ್ 25-0. ಪಕ್ಕದಲ್ಲಿ ‘ವಾ’ ಅಂತ ಗುರುತು ಹಾಕಿ, ಇಲ್ಲದಿದ್ದರೆ ಯಾರಾದರೂ ಅದನ್ನು ಆಡಿ ಗೆದ್ದದ್ದು ಅಂದ್ಕೋತಾರೆ.

ನಗದುಪುಸ್ತಕ:
ವಾರ್ಷಿಕ ಸಂಚಿಕೆಗಿಂತ ಮೊದಲು ಕ್ರೀಡಾ ನಿಧಿಯ ನಗದು ಪುಸ್ತಕ, ಟಿಎ-ಡಿಎ (ಪ್ರಯಾಣ ಭತ್ಯೆ, ದಿನ ಭತ್ಯೆ) ಓಚರ್ ಕೇಳಿ. ಸಂಚಿಕೆಯಲ್ಲಿ ಗೆದ್ದ ವರ್ಷಕ್ಕೆ ಅರ್ಧ ಪುಟ, ಸೋತ ವರ್ಷಕ್ಕೆ ‘ನಮ್ಮ ತಂಡ ಉತ್ತಮ ಪ್ರದರ್ಶನ ನೀಡಿತು’ ಅಷ್ಟೇ. ಓಚರಿನಲ್ಲಿ ಊರು, ಹೊರಟ ತಾರೀಖು, ವಾಪಸ್ ಬಂದ ತಾರೀಖು, ಎಷ್ಟು ಜನ, ಅವರ ಸಹಿ ಎಲ್ಲ ಇರುತ್ತೆ. ತಂಡಕ್ಕೆ ಹನ್ನೆರಡು ಜನರ ಹೆಸರು ಸಿಗೋದು ಅಲ್ಲೇ. ನಾಕೌಟ್ ಆಗಿದ್ದು ಒಂದೇ ದಿನದ ಭತ್ಯೆ ಪಡೆದಿದ್ದರೆ ಬೇಗ ಸೋತು ಬಂದಿರೋ ಸಾಧ್ಯತೆ ಹೆಚ್ಚು, ಕೊನೇ ದಿನದವರೆಗೂ ಇದ್ದರೆ ಸೆಮಿಗೋ ಫೈನಲ್ಲಿಗೋ ಹೋಗಿರಬಹುದು. ಇದು ಸುಳಿವು ಮಾತ್ರ. ಪೆನ್ಸಿಲಿನಲ್ಲಿ ಬರೆದಿಡಿ, ಸರ್ಟಿಫಿಕೇಟೋ ಪತ್ರಿಕೆಯ ತುಣುಕೋ ಸಿಕ್ಕ ಮೇಲೆ ಇಂಕು ಹಾಕಿ.

ಒಂದೇ ಗೆಲುವು ಎರಡು ಸಲ ಬರೋದಕ್ಕೆ ಕಾರಣ ಇದು: ಪಂದ್ಯ ನಡೆದದ್ದು ಅಕ್ಟೋಬರ್ 1983 ಅಂತಿಟ್ಟುಕೊಳ್ಳಿ. ಶೀಲ್ಡಿನ ತಗಡಿನಲ್ಲಿ 1983, ಸಂಚಿಕೆಯ ರಕ್ಷಾಪುಟದಲ್ಲಿ 1983-84, ಸರ್ಟಿಫಿಕೇಟಿಗೆ ಸಹಿ ಬಿದ್ದದ್ದು ಮಾರ್ಚ್ 1984. ಮೂರೂ ಒಂದೇ. ಪಟ್ಟಿಯಲ್ಲಿ ಶೈಕ್ಷಣಿಕ ವರ್ಷವನ್ನೇ ಇಡಿ, ಪಂದ್ಯದ ತಾರೀಖಿಗೆ ಬೇರೆ ಕಾಲಮ್. ಸಹಿಯ ತಾರೀಖನ್ನು ನಂಬಬೇಡಿ.

ಕೋಲಾರಮ್ಮ_ಕೆರೆ:
ಸರ್ಟಿಫಿಕೇಟಿನ ತಲೆಬರಹ ಓದದೆ ಮಟ್ಟ ಹಾಕಬೇಡಿ ಸರ್. ‘ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ’ ಅಂತಿದ್ದರೆ ಅದು ವಿಶ್ವವಿದ್ಯಾಲಯ ತಂಡದ ಆಟ. ನಿಮ್ಮ ಹುಡುಗ ಅದರಲ್ಲಿ ಆಡಿದ್ದಾನೆ, ನಿಮ್ಮ ಕಾಲೇಜು ಆಡಿಲ್ಲ. ಅದನ್ನು ‘ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದವರು’ ಅನ್ನೋ ಕಾಲಮ್ಮಿಗೆ ಹಾಕಿ. ಪಿಯು, ಪದವಿ ಎರಡೂ ಒಂದೇ ಕಾಂಪೌಂಡಿನಲ್ಲಿದ್ದರೆ ಪಿಯು ಇಲಾಖೆಯ ಜಿಲ್ಲಾ ಮಟ್ಟದ ಕಪ್ಪುಗಳೂ ಅದೇ ಬೀರುವಿನಲ್ಲಿ ಸೇರಿಕೊಂಡಿರುತ್ತವೆ, ಬೇರೆ ಮಾಡಿ.

ನಮ್ಮ ಕೋಲಾರ ಕಡೆಯ ಎದುರಾಳಿಗಳ ಹೆಸರು ಬಂದಾಗಲೂ ಹುಷಾರು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಮೊದಲು ‘ಕೋಲಾರ ಜಿಲ್ಲೆಯ ಕಾಲೇಜು’ ಅಂದರೆ ಚಿಂತಾಮಣಿಯದ್ದೋ ಗೌರಿಬಿದನೂರಿನದ್ದೋ ಆಗಿರಬಹುದು. ನಾವೆಲ್ಲ ಆಗ ಬೆಂಗಳೂರು ವಿಶ್ವವಿದ್ಯಾಲಯದ ಕೆಳಗೇ ಇದ್ದದ್ದು, ನೀವು ನಮಗಿಂತ ಮೊದಲು ಬೇರೆಯಾದಿರಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಹುಡುಕುವಾಗ ‘ತುಮ್ಕೂರ್’ ಅನ್ನೋ ಹಳೆ ಸ್ಪೆಲಿಂಗ್ ಹಾಕಿ, ಹೊಸದು ಬಂದದ್ದು 2014ರಲ್ಲಿ.

ಶಿರಾಗೇಟ್:
1990ರ ದಶಕದ್ದು ಅಂದ್ಕೊಂಡಿದ್ದ ಒಂದು ಚೀಟಿಯಲ್ಲಿ 19-17 ಇದೆ. ಬೇರೆ ಸೆಟ್ 15-8, 15-11. ಹಾಗಾದರೆ ಅದು ಇನ್ನೂ ಹಿಂದಿನದಾ?

ಅಂಕಪಟ್ಟಿ:
ಮೂರೇ ಸೆಟ್ ಇದ್ದರೆ 1988ರ ಹಿಂದಿನದು ಅನ್ನಿ. ಆದರೆ 19-17 ಯಾವ ಸೆಟ್ ಅಂತ ಮೊದಲು ನೋಡಿ. ಚೀಟಿಯ ತುದಿ ಹರಿದಿದ್ದು ಅದು ಐದನೇ ಸೆಟ್ ಆಗಿದ್ದರೆ ಈ ಲೆಕ್ಕ ನಿಲ್ಲಲ್ಲ, ಐದನೇ ಸೆಟ್ಟಿಗೆ ಆ 17ರ ಮಿತಿಯನ್ನು 1992ರಲ್ಲೇ ತೆಗೆದುಹಾಕಿದರು. ಆಟಗಾರರ ಹೆಸರಿದ್ದರೆ ಅಡ್ಮಿಷನ್ ರಿಜಿಸ್ಟರಿಗೆ ಹೋಲಿಸಿ. ಇಬ್ಬರ ಹೆಸರು ಸಿಕ್ಕರೂ ಮೂರು ವರ್ಷದೊಳಗೆ ಬಂದು ನಿಲ್ಲುತ್ತೆ.