ರಾತ್ರಿಪೂರ್ತಿ ನಾಟಕದ ಲೈವ್‌ಗೆ ಅಗ್ಗದ ಕ್ಯಾಪ್ಚರ್ ಡಾಂಗಲ್ ಸಾಕಾ?

ಪ್ರಶ್ನೆ (ಮಂಡ್ಯ, ಮದ್ದೂರು ಕಡೆಯಿಂದ): ನಮಸ್ಕಾರ ಸರ್. ನಮ್ಮೂರ ಹಬ್ಬಕ್ಕೆ ಪೌರಾಣಿಕ ನಾಟಕ ಇದೆ. ರಾತ್ರಿ ಒಂಬತ್ತಕ್ಕೆ ಶುರುವಾದ್ರೆ ಬೆಳಗಿನ ಜಾವದವರೆಗೂ ನಡೀತದೆ. ಯೂಟ್ಯೂಬ್‌ಗೆ ಲೈವ್ ಕೊಡಬೇಕು, ರೆಕಾರ್ಡಿಂಗೂ ಉಳಿಸಿಕೊಳ್ಳಬೇಕು. ಕ್ಯಾಮೆರಾ ಒಂದೇ, ಎಚ್‌ಡಿಎಂಐ ಔಟ್ ಇದೆ. ಲ್ಯಾಪ್‌ಟಾಪ್ ಐ5, 8 ಜಿಬಿ ರ‍್ಯಾಮ್. ಕ್ಯಾಮೆರಾದ ಚಿತ್ರವನ್ನ ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಕೊಡೋ ಕ್ಯಾಪ್ಚರ್ ಡಾಂಗಲ್ ಆನ್‌ಲೈನಲ್ಲಿ ಸಾವಿರದೊಳಗೂ ಸಿಗ್ತದೆ, ಹತ್ತು ಸಾವಿರ ದಾಟಿದ್ದೂ ಇದೆ, ಎರಡರ ಮೇಲೂ '4ಕೆ' ಅಂತಲೇ ಬರೆದಿದೆ. ಯಾವುದು ತಗೊಳ್ಳೋದು?

ಉತ್ತರ: ನಿಮ್ಮ ಕೆಲಸಕ್ಕೆ ಅಗ್ಗದ್ದೇ ಸಾಕು ಸರ್. ಅದರ ಕೈಲಿ ಏನಾಗುತ್ತೆ, ಏನಾಗಲ್ಲ ಅನ್ನೋದು ಗೊತ್ತಿದ್ದರೆ ಆಯ್ತು.

ಅಗ್ಗದ್ದರ ಮೇಲಿನ ಆ '4ಕೆ' ಅನ್ನೋದು ಒಳಗೆ ಬರುವ ಸಿಗ್ನಲ್ಲಿನ ಲೆಕ್ಕ. 4ಕೆ ಕೊಟ್ಟರೆ ಡಾಂಗಲ್ ಒಪ್ಪಿಕೊಳ್ಳುತ್ತೆ, ಕಂಪ್ಯೂಟರಿಗೆ ದಾಟಿಸುವಾಗ 1080ಕ್ಕೆ ಇಳಿಸಿಯೇ ದಾಟಿಸುತ್ತೆ. ಸಾವಿರದೊಳಗಿನ ಡಾಂಗಲ್‌ಗಳಲ್ಲಿ ಬಹುಪಾಲಿನ ಒಳಗಿರೋದು ಮ್ಯಾಕ್ರೋಸಿಲಿಕಾನ್ ಕಂಪನಿಯ ಎಂಎಸ್2109 ಚಿಪ್. ಡಬ್ಬಿ ಬೇರೆ, ಹೆಸರು ಬೇರೆ, ಹೊಟ್ಟೆಯೊಳಗೆ ಒಂದೇ. ಇದು ಯುಎಸ್‌ಬಿ 2.0 ಚಿಪ್. 1080ರಲ್ಲಿ ಸೆಕೆಂಡಿಗೆ 30 ಫ್ರೇಮ್, 720ರಲ್ಲಿ 60 ಫ್ರೇಮ್ ಕೊಡುತ್ತೆ, ಅದೂ ಎಂಜೆಪಿಇಜಿ ಅನ್ನೋ ಫಾರ್ಮ್ಯಾಟಿನಲ್ಲಿ ಹಿಂಡಿ ಕಳಿಸಿದರೆ ಮಾತ್ರ.

ಹಿಂಡದೆ ಕಳಿಸಿದರೆ ಏನಾಗುತ್ತೆ ನೋಡಿ. 1080ರ ಒಂದು ಫ್ರೇಮ್ ವೈಯುವೈ2 ಫಾರ್ಮ್ಯಾಟಿನಲ್ಲಿ ಸುಮಾರು 4.15 ಎಂಬಿ. ಸೆಕೆಂಡಿಗೆ 30 ಅಂದರೆ 124 ಎಂಬಿ. ಯುಎಸ್‌ಬಿ 2.0 ಕಾಗದದ ಮೇಲೇ 480 ಮೆಗಾಬಿಟ್, ಅಂದರೆ 60 ಎಂಬಿ; ಕೈಗೆ ಸಿಗೋದು ಇನ್ನೂ ಕಡಿಮೆ. ಅದಕ್ಕೇ ಈ ಚಿಪ್ ವೈಯುವೈ2ನಲ್ಲಿ 1080ಕ್ಕೆ ಬರೀ 5 ಫ್ರೇಮ್ ಕೊಡುತ್ತೆ. 'ಡಾಂಗಲ್ ಡೂಪ್ಲಿಕೇಟು, ಚಿತ್ರ ತಡವರಿಸ್ತದೆ' ಅಂತ ವಾಪಸ್ ಕಳಿಸೋರಲ್ಲಿ ಸುಮಾರು ಜನಕ್ಕೆ ಆಗಿರೋದು ಇಷ್ಟೇ, ಓಬಿಎಸ್ (ಲೈವ್, ರೆಕಾರ್ಡಿಂಗ್ ಮಾಡುವ ಉಚಿತ ಸಾಫ್ಟ್‌ವೇರ್) ತಾನಾಗಿ ವೈಯುವೈ2 ಹಿಡಿದುಕೊಂಡಿರುತ್ತೆ.

ಓಬಿಎಸ್‌ನಲ್ಲಿ 'ವಿಡಿಯೊ ಕ್ಯಾಪ್ಚರ್ ಡಿವೈಸ್' ಸೋರ್ಸ್ ಸೇರಿಸಿ, ಅದರ ಪ್ರಾಪರ್ಟೀಸ್‌ನಲ್ಲಿ ರೆಸಲ್ಯೂಶನ್ ಟೈಪ್ ಅನ್ನು 'ಕಸ್ಟಮ್' ಮಾಡಿ. 1920×1080 ಹಾಕಿ, ವಿಡಿಯೊ ಫಾರ್ಮ್ಯಾಟ್ ಅನ್ನು ಕೈಯಾರೆ ಎಂಜೆಪಿಇಜಿಗೆ ಬದಲಿಸಿ. ಎಫ್‌ಪಿಎಸ್ 30 ಹಾಕಬೇಡಿ, 25 ಹಾಕಿ.

ಮರುಪ್ರಶ್ನೆ: 30 ಬರ್ತದೆ ಅಂದ್ಮೇಲೆ 25 ಯಾಕೆ ಸರ್?

ಉತ್ತರ: ನಮ್ಮ ಕರೆಂಟು 50 ಹರ್ಟ್ಸ್. ಸ್ಟೇಜಿನ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣಲ್ಲ. ಕ್ಯಾಮೆರಾ 1/60ರ ಶಟರಿನಲ್ಲಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟಿ ಹರಿದಾಡುತ್ತೆ. ಆದ್ದರಿಂದ ಕ್ಯಾಮೆರಾ ಪಿಎಎಲ್ (50 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೊ ಪದ್ಧತಿ) ಮೋಡಿನಲ್ಲಿ, ಶಟರ್ 1/50ರಲ್ಲಿ ಇರಬೇಕು. ಆಗ ಕ್ಯಾಮೆರಾದಿಂದ ಹೊರಗೆ ಬರೋದು 50 ಅಥವಾ 25 ಫ್ರೇಮ್. ಅದನ್ನು ಡಾಂಗಲ್ 30ಕ್ಕೆ ಹೊಂದಿಸಲು ಹೋದರೆ ಲೆಕ್ಕ ಕೂಡಲ್ಲ, ಭೀಮ ಗದೆ ಬೀಸಿದಾಗೆಲ್ಲ ಚಿತ್ರ ಕುಂಟುತ್ತೆ. ಕ್ಯಾಮೆರಾ 50 ಅಥವಾ 25, ಡಾಂಗಲ್ 25, ಓಬಿಎಸ್ ಸೆಟ್ಟಿಂಗ್ಸ್‌ನ ವಿಡಿಯೊ ಭಾಗದಲ್ಲಿ '25 ಪಿಎಎಲ್'. ಮೂರೂ ಕಡೆ ಒಂದೇ ಕುಟುಂಬದ ಸಂಖ್ಯೆ ಇರಲಿ. ಮದುವೆಗೆ ಬಳಸುವ ಭುಜದ ಮೇಲಿನ ಹಳೇ ಕ್ಯಾಮೆರಾ ಆದರೆ ಎಚ್‌ಡಿಎಂಐ ಔಟ್ 1080ಐ ಇರಬಹುದು, ಅಂದರೆ ಚಿತ್ರದ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಕಳಿಸುವ ಇಂಟರ್ಲೇಸ್ ಪದ್ಧತಿ. ಮೆನುವಿನಲ್ಲಿ 1080ಪಿ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿ. ಇಲ್ಲದಿದ್ದರೆ ಓಬಿಎಸ್‌ನಲ್ಲಿ ಸೋರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಇಂಟರ್ಲೇಸಿಂಗ್ ಹಾಕಿ.

ಡಾಂಗಲ್ ಕೊಳ್ಳುವ ಮೊದಲೇ ಕ್ಯಾಮೆರಾವನ್ನು ಮನೆಯ ಟಿವಿಗೆ ಎಚ್‌ಡಿಎಂಐ ಹಾಕಿ ನೋಡಿಬಿಡಿ. ಬ್ಯಾಟರಿ ಗುರುತು, ಫೋಕಸ್ ಚೌಕ, ಶಟರ್ ನಂಬರ್ ಎಲ್ಲಾ ಟಿವಿಯಲ್ಲಿ ಕಂಡರೆ ಲೈವ್‌ನಲ್ಲೂ ಕಾಣುತ್ತೆ. ಸೋನಿಯಲ್ಲಿ 'ಎಚ್‌ಡಿಎಂಐ ಇನ್ಫೊ ಡಿಸ್‌ಪ್ಲೇ' ಆಫ್ ಮಾಡಿದರೆ ಹೋಗುತ್ತೆ. ಕೆಲವು ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಆ ಸೌಲಭ್ಯವೇ ಇಲ್ಲ, ಅಲ್ಲಿ ಹತ್ತು ಸಾವಿರದ ಕಾರ್ಡೂ ಏನೂ ಮಾಡಲಾರದು. ಆಟೋ ಪವರ್ ಆಫ್ ತೆಗೆದಿಡಿ. ರಾತ್ರಿಪೂರ್ತಿ ಅಂದರೆ ಕರೆಂಟಿಗೆ ಹಾಕುವ ಡಮ್ಮಿ ಬ್ಯಾಟರಿ ಬೇಕೇ ಬೇಕು.

ಮರುಪ್ರಶ್ನೆ: ಸೌಂಡು ಹೆಂಗೆ ಸರ್? ಹಾರ್ಮೋನಿಯಂ, ಮೈಕು ಎಲ್ಲಾ ಸೌಂಡ್ ಸರ್ವೀಸ್‌ನವರ ಮಿಕ್ಸರ್‌ಗೆ ಹೋಗ್ತದೆ.

ಉತ್ತರ: ಜನ ಲೈವ್ ಬಿಟ್ಟು ಹೋಗೋದು ಚಿತ್ರ ಸ್ವಲ್ಪ ಮಬ್ಬಾದರೆ ಅಲ್ಲ, ಕಂದಪದ್ಯ ಕೇಳದಿದ್ದರೆ. ಎಂಎಸ್2109 ಧ್ವನಿಯಲ್ಲೇ ಸೋಲೋದು. ಎಡ–ಬಲ ಎರಡೂ ಇರುವ 48 ಕಿಲೋಹರ್ಟ್ಸ್ ಸ್ಟೀರಿಯೋವನ್ನು 96 ಕಿಲೋಹರ್ಟ್ಸ್ ಮೋನೊ ಅಂತ ಕಂಪ್ಯೂಟರಿಗೆ ಹೇಳಿಕೊಳ್ಳುತ್ತೆ. ಆ ದಾರಿಯನ್ನೇ ನಂಬಬೇಡಿ.

ಮಿಕ್ಸರಿನ ಹಿಂದೆ ಅಥವಾ ಮೇಲೆ 'ರೆಕ್ ಔಟ್' ಅಂತ ಎರಡು ಆರ್‌ಸಿಎ ತೂತು ಇರುತ್ತವೆ. ಅಲ್ಲಿಂದ ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಬೆರಿಂಜರ್ ಯುಸಿಎ202 ತರಹದ್ದು ಸಾಕು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ನೇರ ಹಾಕಬೇಡಿ. ಅಲ್ಲಿರೋದು ಮೈಕ್ ಮಟ್ಟದ ಮೋನೊ ಇನ್‌ಪುಟ್, ಮಿಕ್ಸರಿನ ಲೈನ್ ಮಟ್ಟ ಹೋದರೆ ಒಡೆದ ದನಿ ಬರುತ್ತೆ. ಪ್ರೇಕ್ಷಕರ ಶಿಳ್ಳೆ, ಚಪ್ಪಾಳೆ ಬೇಕಿದ್ದರೆ ಕ್ಯಾಮೆರಾದ ಮೈಕನ್ನು ತೀರಾ ಸಣ್ಣದಾಗಿ ಬೆರೆಸಿಕೊಳ್ಳಿ.

ಹೀಗೆ ಮಾಡಿದಾಗ ಮಾತು ಮುಂದೆ, ತುಟಿ ಹಿಂದೆ ಆಗುತ್ತೆ, ಯಾಕಂದರೆ ಚಿತ್ರ ಡಾಂಗಲಿನಲ್ಲಿ ತಡವಾಗುತ್ತೆ. ಕ್ಯಾಮೆರಾ ಮುಂದೆ, ಮೈಕಿನ ಹತ್ತಿರ ನಿಂತು ಒಬ್ಬರು ಚಪ್ಪಾಳೆ ತಟ್ಟಲಿ, ಓಬಿಎಸ್‌ನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಫ್ರೇಮ್ ಫ್ರೇಮಾಗಿ ಎಣಿಸಿ. 25 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಸದ್ದು ಮೂರು ಫ್ರೇಮ್ ಮುಂಚೆ ಬಂದಿದ್ದರೆ 'ಅಡ್ವಾನ್ಸ್‌ಡ್ ಆಡಿಯೊ ಪ್ರಾಪರ್ಟೀಸ್'ನಲ್ಲಿ ಆ ಆಡಿಯೊದ ಸಿಂಕ್ ಆಫ್‌ಸೆಟ್ 120 ಹಾಕಿ.

ಗುಂಯ್ ಅನ್ನೋ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಎಳೆದು ನೋಡಿ. ನಿಂತುಹೋದರೆ ಅದು ಗ್ರೌಂಡ್ ಲೂಪ್. ಮಿಕ್ಸರಿಗೂ ಲ್ಯಾಪ್‌ಟಾಪಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಡಿ, ಹೋಗದಿದ್ದರೆ ಆಡಿಯೊ ವೈರಿನ ನಡುವೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತರೆ ಸದ್ದು ಹೋಗುತ್ತೆ ಅಂತ ಯಾರಾದರೂ ಹೇಳ್ತಾರೆ. ಜನರೇಟರಿನಲ್ಲಿ ನಡೆಯುವ ಸ್ಟೇಜಿನಲ್ಲಿ ಮೈಕ್ ಹಿಡಿದವರಿಗೆ ಶಾಕ್ ಹೊಡೆಯೋದು ಹಾಗೆ ಮಾಡಿದಾಗಲೇ, ಮಾಡಲೇಬೇಡಿ.

ಮತ್ತೊಬ್ಬ ಸದಸ್ಯರು (ಮೈಸೂರು): ಗುರುಗಳೇ, ಎಲ್ಲಾ ಸರಿ. ಆದರೆ ಆ ಡಾಂಗಲ್‌ಗಳು ಎರಡು ಗಂಟೆ ಆದಮೇಲೆ ಕೈ ಕೊಡುತ್ತವೆ, ಚಿತ್ರ ನಿಂತುಹೋಗುತ್ತೆ. ರಾತ್ರಿಪೂರ್ತಿ ಕೆಲಸಕ್ಕೆ ಅದನ್ನ ಹೇಳಬಹುದಾ?

ಉತ್ತರ: ಒಪ್ಪುವ ಮಾತೇ. ಬಿಸಿ ಒಂದು ಕಾರಣ. ಲ್ಯಾಪ್‌ಟಾಪಿನ ಬಿಸಿಗಾಳಿ ಬರುವ ಕಡೆಯೇ ಡಾಂಗಲ್ ಚುಚ್ಚಿರುತ್ತಾರೆ, ಅದರ ಮೇಲೆ ಭಾರದ ಎಚ್‌ಡಿಎಂಐ ಕೇಬಲ್ ಜೋತಾಡುತ್ತಿರುತ್ತೆ. ಒಂದು ಗೇಣುದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಮೇಜಿನ ಮೇಲೆ ಮಲಗಿಸಿ, ಕೇಬಲನ್ನು ಮೇಜಿನ ಕಾಲಿಗೆ ಟೇಪ್ ಸುತ್ತಿ. ಇನ್ನೊಂದು ಕಾರಣ ವಿಂಡೋಸ್: ಪವರ್ ಆಪ್ಷನ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಆಫ್ ಮಾಡಿ. ಪವರ್ ಇಲ್ಲದ ಹಬ್‌ನಲ್ಲಿ ಆಡಿಯೊ, ಮೌಸು, ಡಾಂಗಲ್ ಎಲ್ಲಾ ಒಟ್ಟಿಗೆ ಬೇಡ. ಇಷ್ಟರ ಮೇಲೂ, ಅದೇ ಡಾಂಗಲ್ ಇನ್ನೊಂದು ಜೇಬಿನಲ್ಲಿರಲಿ. ಎರಡು ಕೊಂಡರೂ ದೊಡ್ಡ ಕಾರ್ಡಿನ ಬೆಲೆಯ ಹತ್ತಿರಕ್ಕೂ ಬರಲ್ಲ.

ಎಚ್‌ಡಿಎಂಐ ಕೇಬಲ್ 5 ಮೀಟರ್‌ವರೆಗೆ ಚಿಂತೆಯಿಲ್ಲ. ಚಪ್ಪರದ ಕೊನೆಯಿಂದ 20 ಮೀಟರ್ ಮಾಮೂಲಿ ಕೇಬಲ್ ಎಳೆದರೆ ಚಿತ್ರ ಬಂದು ಬಂದು ಹೋಗುತ್ತೆ. ಲ್ಯಾಪ್‌ಟಾಪನ್ನೇ ಕ್ಯಾಮೆರಾ ಪಕ್ಕ ಇಟ್ಟು, ಉದ್ದದ ವೈರ್ ಆಡಿಯೊಗೆ ಎಳೆಯಿರಿ.

ಮೂಲ ಪ್ರಶ್ನೆಯವರಿಗೆ ಉಳಿದದ್ದು: ವಿಡಿಯೊ ಹಿಂಡುವ ಎನ್‌ಕೋಡರ್ ಅನ್ನು ಕ್ವಿಕ್‌ಸಿಂಕ್ (ಇಂಟೆಲ್ ಚಿಪ್ಪಿನೊಳಗಿನ ಗ್ರಾಫಿಕ್ಸ್ ಭಾಗ ಮಾಡುವ ಕೆಲಸ) ಇಡಿ, ಪ್ರೊಸೆಸರಿನ ಭಾರ ಇಳಿಯುತ್ತೆ. ಕೀಫ್ರೇಮ್ 2 ಸೆಕೆಂಡ್. ಬಿಟ್‌ರೇಟ್ 4,500ರಿಂದ 6,000 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್). ಆದರೆ ಊರಲ್ಲಿ ರಾತ್ರಿ ಅಪ್‌ಲೋಡ್ ವೇಗ ಎಷ್ಟಿದೆ ನೋಡಿ, ಅದರ ಅರ್ಧದಷ್ಟೇ ಬಳಸಿ. 'ರೆಕಾರ್ಡಿಂಗ್ ಕ್ವಾಲಿಟಿ'ಯನ್ನು 'ಸೇಮ್ ಆ್ಯಸ್ ಸ್ಟ್ರೀಮ್' ಇಟ್ಟರೆ ಬೇರೆ ಎನ್‌ಕೋಡ್ ಮಾಡಲ್ಲ. 6,000ಕ್ಕೆ ಗಂಟೆಗೆ 2.7 ಜಿಬಿ, ಎಂಟು ಗಂಟೆಗೆ 22 ಜಿಬಿ ಹತ್ತಿರ. ಎಂಕೆವಿಯಲ್ಲಿ ರೆಕಾರ್ಡ್ ಮಾಡಿ. ಮಾಮೂಲಿ ಎಂಪಿ4 ಆದರೆ ನಡುವೆ ಲ್ಯಾಪ್‌ಟಾಪ್ ಆಫ್ ಆಯ್ತು ಅಂದ್ರೆ ಇಡೀ ಫೈಲೇ ತೆರೆಯಲ್ಲ. ಹೊಸ ಚಾನೆಲ್ ಆದರೆ ಲೈವ್ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು, ನಾಟಕದ ದಿನ ಸಂಜೆ ಹೋಗಿ ಒತ್ತಬೇಡಿ. 12 ಗಂಟೆ ದಾಟಿದ ಲೈವ್ ಚಾನೆಲ್‌ನಲ್ಲಿ ಪೂರ್ತಿ ಉಳಿಯುವ ಭರವಸೆ ಇಲ್ಲ, ನಿಮ್ಮದು ಅದರೊಳಗೇ ಮುಗಿಯುತ್ತೆ.

ಪ್ರಶ್ನೆ (ಮೈಸೂರು, ಸರಸ್ವತಿಪುರಂ): ಅಣ್ಣ, ನನ್ನದು ಪಿಎಸ್5 ಗೇಮ್ ಸ್ಟ್ರೀಮ್. 60 ಎಫ್‌ಪಿಎಸ್ ಬೇಕು. ಗೆಳೆಯನ ಅದೇ ಡಾಂಗಲ್ ಹಾಕಿದರೆ ಬರೀ ಕಪ್ಪು ಸ್ಕ್ರೀನ್.

ಉತ್ತರ: ಕಪ್ಪು ಸ್ಕ್ರೀನಿಗೆ ಕಾರಣ ಎಚ್‌ಡಿಸಿಪಿ, ಅಂದರೆ ನಕಲು ಮಾಡದಂತೆ ಎಚ್‌ಡಿಎಂಐಗೆ ಹಾಕುವ ಲಾಕ್. ಪಿಎಸ್5ರ ಸೆಟ್ಟಿಂಗ್ಸ್, ಸಿಸ್ಟಮ್, ಎಚ್‌ಡಿಎಂಐ ಒಳಗೆ 'ಎನೇಬಲ್ ಎಚ್‌ಡಿಸಿಪಿ' ಆಫ್ ಮಾಡು. ಅದು ಆಫ್ ಇರುವಾಗ ಸಿನಿಮಾ ಆ್ಯಪ್‌ಗಳು ಓಡಲ್ಲ, ಗೇಮ್ ಓಡುತ್ತೆ.

60ಕ್ಕೆ ನಿನಗೆ ಯುಎಸ್‌ಬಿ 3.0 ಚಿಪ್ ಬೇಕು. ಎಂಎಸ್2130 ಇರುವ ಡಾಂಗಲ್ 1080ರಲ್ಲಿ 60 ಫ್ರೇಮ್ ಹಿಂಡದೆ ಕೊಡುತ್ತೆ, ಬೆಲೆಯೂ ದೊಡ್ಡ ಬ್ರಾಂಡ್‌ಗಳಿಗಿಂತ ಎಷ್ಟೋ ಕಡಿಮೆ. ನೀಲಿ ಪ್ಲಾಸ್ಟಿಕ್ ನೋಡಿ ಮೋಸ ಹೋಗಬೇಡ, 2109ಕ್ಕೂ ನೀಲಿ ಹಾಕಿ ಮಾರುತ್ತಾರೆ. ಪ್ಲಗ್ಗಿನೊಳಗೆ ಟಾರ್ಚ್ ಬಿಟ್ಟು ನೋಡು: ಮುಂದೆ ನಾಲ್ಕು ತಗಡಿನ ಪಟ್ಟಿ, ಹಿಂದೆ ಒಳಗೆ ಇನ್ನೂ ಐದು ಇದ್ದರೆ 3.0. ನಾಲ್ಕೇ ಇದ್ದರೆ ಖಂಡಿತ 2.0. ಲ್ಯಾಪ್‌ಟಾಪಿಗೆ ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ 'ಹಾರ್ಡ್‌ವೇರ್ ಐಡಿ' ತೆಗೆದು ನೋಡು. 534ಡಿ, 2109 ಅಂತ ಇದ್ದರೆ ಅದೇ ಹಳೇ ಗಿರಾಕಿ, ವಾಪಸ್ ಮಾಡು.

ಓಬಿಎಸ್ ಪ್ರಿವ್ಯೂ ನೋಡಿಕೊಂಡು ಆಡೋಕೆ ಆಗಲ್ಲ, ತಡವಾಗುತ್ತೆ. ಲೂಪ್ ಔಟ್ (ಬಂದ ಸಿಗ್ನಲ್ಲನ್ನು ಹಾಗೇ ಟಿವಿಗೆ ದಾಟಿಸುವ ಎಚ್‌ಡಿಎಂಐ ತೂತು) ಇರುವ ಮಾಡೆಲ್ ತಗೊಂಡು ಟಿವಿಗೆ ಅಲ್ಲಿಂದ ಕೊಡು. ಅಗ್ಗದವುಗಳಲ್ಲಿ ಲೂಪ್ ಔಟ್ 4ಕೆ 60 ದಾಟಿಸುತ್ತೆ ಅಂತ ನಂಬಬೇಡ, ಪಿಎಸ್5 ಔಟ್‌ಪುಟ್ಟನ್ನೇ 1080ಪಿಗೆ ಇಳಿಸಿ 120 ಹರ್ಟ್ಸ್ ಆಫ್ ಮಾಡು. ಕಪ್ಪು ಬಣ್ಣ ಬೂದಿ ಬಳಿದಂತೆ ಕಂಡರೆ ಸೋರ್ಸ್ ಪ್ರಾಪರ್ಟೀಸ್‌ನಲ್ಲಿ ಕಲರ್ ರೇಂಜ್ ಅನ್ನು ಫುಲ್‌ನಿಂದ ಲಿಮಿಟೆಡ್‌ಗೆ, ಇಲ್ಲವೇ ಲಿಮಿಟೆಡ್‌ನಿಂದ ಫುಲ್‌ಗೆ ಬದಲಿಸಿ ನೋಡು.

ಪ್ರಶ್ನೆ (ಮಂಡ್ಯ): ಮನೇಲಿ ಅಪ್ಪ–ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇದೆ. ಇದೇ ಡಾಂಗಲ್‌ನಲ್ಲಿ ಕಂಪ್ಯೂಟರಿಗೆ ಇಳಿಸಬಹುದಾ ಸರ್?

ಉತ್ತರ: ನೇರ ಆಗಲ್ಲ ಮೇಡಂ. ವಿಸಿಆರ್‌ನಿಂದ ಬರೋದು ಹಳದಿ–ಬಿಳಿ–ಕೆಂಪು ಎವಿ ವೈರು, ಅದಕ್ಕೆ ಬೇರೆ ಎವಿ ಕ್ಯಾಪ್ಚರ್ ಡಾಂಗಲ್ ಇದೆ, ಅದೂ ಅಗ್ಗವೇ. ಎವಿಯನ್ನು ಎಚ್‌ಡಿಎಂಐ ಮಾಡುವ ಡಬ್ಬಿ ನಡುವೆ ಹಾಕಬೇಡಿ, ಅದು ಚಿತ್ರವನ್ನು ಎಳೆದು ಅಗಲ ಮಾಡುತ್ತೆ. ಫಾರ್ಮ್ಯಾಟ್ ಪಿಎಎಲ್, 720×576 ಇಡಿ. ಓಬಿಎಸ್ ಬಳಸಿದರೆ ಎಫ್‌ಪಿಎಸ್ 50, ಡಿಇಂಟರ್ಲೇಸಿಂಗ್‌ನಲ್ಲಿ 'ಯಾಡಿಫ್ 2ಎಕ್ಸ್'. ಇಲ್ಲದಿದ್ದರೆ ಕೈ ಆಡಿಸಿದಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ವಿಸಿಆರ್‌ಗೆ ಹಾಕಬೇಡಿ, ಹೆಡ್ಡೂ ಹಾಳು, ಟೇಪೂ ಹಾಳು. ಮೊದಲು ಕ್ಲೀನ್ ಮಾಡಿಸಿ.