ಅಪ್‌ಡೇಟ್: ಕಿವಿಮೊರೆತಕ್ಕೆ ಮೊಬೈಲ್ ಆ್ಯಪ್, ಮೂರು ತಿಂಗಳ ನಂತರ

ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗಿದಂತಾಗುತ್ತದೆ, ಮೊಬೈಲ್ ಆ್ಯಪ್‌ನ ಸದ್ದಿನಿಂದ ಉಪಯೋಗವಾದೀತೇ ಎಂದು ಕೇಳಿದ್ದೆ. ಬೆಟಗೇರಿಯಲ್ಲಿ 22 ವರ್ಷ ವಿದ್ಯುತ್ ಮಗ್ಗ ನಡೆಸಿದವನು ನಾನು.

ಮೊದಲು ಶ್ರವಣ ಪರೀಕ್ಷೆ ಮಾಡಿಸಿ ಎಂದವರಿಗೆ ಕೈಮುಗಿಯುತ್ತೇನೆ. ಹುಬ್ಬಳ್ಳಿಗೆ ಹೋಗಿ ಮಾಡಿಸಿದೆ. 4,000 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಕೀರಲು ಸದ್ದುಗಳಿಗೆ, ಎರಡೂ ಕಿವಿ ಮಂದವಾಗಿವೆ. ಗದ್ದಲದಿಂದಾದ ಹಾನಿ ಸಾಮಾನ್ಯವಾಗಿ ಅಲ್ಲಿಯೇ ಕಾಣಿಸುತ್ತದೆಯಂತೆ.

ಆ್ಯಪ್ ಬಳಸುವುದರಲ್ಲಿ ಎರಡು ವಾರ ತಪ್ಪು ಮಾಡಿದೆ. ಮೊರೆತ ಪೂರ್ತಿ ಮುಚ್ಚಿಹೋಗುವಷ್ಟು ಜೋರಾಗಿ ಮಳೆಯ ಸದ್ದು ಇಡುತ್ತಿದ್ದೆ. ನಿಲ್ಲಿಸಿದೊಡನೆ ಮೊರೆತ ಇಮ್ಮಡಿಯಾದಂತೆ ಅನಿಸಿ ಅಳುವೇ ಬರುತ್ತಿತ್ತು. ಶ್ರವಣ ತಜ್ಞೆ ತಿದ್ದಿದರು: ಸದ್ದು ಮೊರೆತಕ್ಕಿಂತ ತುಸು ಕಡಿಮೆಯಿರಲಿ, ಎರಡೂ ಒಟ್ಟಿಗೆ ಕೇಳಿಸಲಿ, ಆಗ ಮಿದುಳು ಮೊರೆತವನ್ನು ಕಡೆಗಣಿಸುವುದನ್ನು ನಿಧಾನವಾಗಿ ರೂಢಿಸಿಕೊಳ್ಳುತ್ತದೆ. ಈಗ ಇಯರ್‌ಫೋನ್ ಬಿಟ್ಟಿದ್ದೇನೆ. ಮಂಚದ ಪಕ್ಕ ಮೊಬೈಲ್ ಇಟ್ಟು ಜಿಟಿಜಿಟಿ ಮಳೆಯ ಸದ್ದು ಹಚ್ಚಿ ಮಲಗುತ್ತೇನೆ.

ಮೊರೆತ ಹೋಗಿಲ್ಲ. ಆದರೆ ನಿದ್ದೆ ಬರುತ್ತಿದೆ, ಬೆಳಗಿನ ಜಾವದವರೆಗೆ! ನನಗೆ ಅಷ್ಟೇ ಬೇಕಿತ್ತು.

ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ಅಥವಾ ಅದು ನಾಡಿ ಬಡಿದಂತೆ ಕೇಳಿಸಿದರೆ, ಆ್ಯಪ್ ನಂಬಿ ಕೂರಬೇಡಿ. ಕಿವಿಯ ವೈದ್ಯರನ್ನು ಕಾಣಿ. ಮಗ್ಗಕ್ಕೆ ಈಗ ಮಗ ಕೂರುತ್ತಾನೆ. ಅವನಿಗೆ ಗದ್ದಲ ತಡೆಯಲು ಕಿವಿ ಮುಚ್ಚುವ ಇಯರ್‌ಮಫ್ ತಂದುಕೊಟ್ಟಿದ್ದೇನೆ.